ತಾಲ್ಲೂಕು ಮಟ್ಟದ ಕಂಪ್ಯೂಟರ್ ಕೆಲಸಕ್ಕೆ ಊರ ಕಡೆ ಬರಬೇಕೆಂದಿದ್ದೇನೆ, ಸಂಜೆ ನಿಜವಾಗಿಯೂ ಬಿಡುವು ಇರುತ್ತದಾ?

ಅರಸೀಕೆರೆ ತೆಂಗು:

ಎಲ್ಲರಿಗೂ ನಮಸ್ಕಾರ. ನಮ್ಮೂರು ಅರಸೀಕೆರೆ ತಾಲ್ಲೂಕಿನಲ್ಲಿದೆ. ಹಾಸನದಲ್ಲಿ ಬಿಇ ಮುಗಿಸಿ, ಎಲ್ಲರ ಹಾಗೆ ಬೆಂಗಳೂರು ಬಸ್ಸು ಹತ್ತಿದವನು ನಾನು. ಈಗ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್. ಕ್ಲೈಂಟ್ ಅಮೆರಿಕದವರು. ನಮಗೆ ಸಂಜೆ ಆದಾಗ ಅವರು ಕಾಫಿ ಕುಡಿದು ಕೆಲಸಕ್ಕೆ ಕೂರುತ್ತಾರೆ. ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಚ್ಚಲು ಸಿಕ್ಕರೆ ಅದೇ ಪುಣ್ಯ.

ಹಾಸನ ಜಿಲ್ಲೆಯಲ್ಲೇ ಒಂದು ಕೆಲಸ ಖಾಲಿ ಇದೆ ಎಂದು ಗೆಳೆಯ ಹೇಳಿದ. ಗ್ರಾಮ ಪಂಚಾಯಿತಿಗಳ ಕಂಪ್ಯೂಟರ್ ವ್ಯವಹಾರ ನೋಡಿಕೊಳ್ಳುವ ತಾಲ್ಲೂಕು ಮಟ್ಟದ ತಾಂತ್ರಿಕ ಸಹಾಯಕ. ಹೊರಗುತ್ತಿಗೆ. ಸಕಲೇಶಪುರ ಅಥವಾ ಆಲೂರು ಸಿಗಬಹುದಂತೆ. ಸಂಬಳ ಈಗಿನ ಅರ್ಧಕ್ಕಿಂತಲೂ ಕಡಿಮೆ. ಅದರ ಲೆಕ್ಕ ಮನೆಯಲ್ಲಿ ಹಾಕಿ ಆಗಿದೆ. ಬಾಡಿಗೆ ಸ್ವಲ್ಪ ಉಳಿಯುತ್ತದೆ, ತೋಟ ಇದೆ, ಕೊಬ್ಬರಿ ದುಡ್ಡು ಬರುತ್ತದೆ. ಅಪ್ಪನಿಗೆ ಮೊಣಕಾಲು ನೋವು, ಮಂಡಿಗೆ ಓಡಾಡಲು ಆಗುವುದಿಲ್ಲ. ದುಡ್ಡಿನ ವಿಷಯದಲ್ಲಿ ನನಗೆ ಧೈರ್ಯ ಇದೆ.

ಇನ್ನೊಂದು ಕಾರಣ ಇದೆ, ನಗಬೇಡಿ. ನಮ್ಮೂರಲ್ಲಿ ಎರಡು ವರ್ಷಕ್ಕೊಮ್ಮೆ ಪೌರಾಣಿಕ ನಾಟಕ ಆಡುತ್ತೇವೆ. ಹೋದ ಸಲ ಶಕುನಿ ಪಾತ್ರ ನನಗೆ ಎಂದು ನಿಶ್ಚಯವಾಗಿತ್ತು. ತಾಲೀಮು ರಾತ್ರಿ ಎಂಟಕ್ಕೆ. ನಾನು ವಾರಾಂತ್ಯಕ್ಕೆ ಮಾತ್ರ ಬರುವುದು ನೋಡಿ ಹಾರ್ಮೋನಿಯಂ ಮೇಷ್ಟ್ರು ಪಾತ್ರವನ್ನು ಬೇರೆಯವರಿಗೆ ಕೊಟ್ಟರು. "ಶನಿವಾರದ ಶಕುನಿ ನಮಗೆ ಬೇಡಪ್ಪ" ಅಂದರು.

ಈಗ ಈ ಕೆಲಸದಲ್ಲಿರುವವರು ಹೇಳಿ. ದಿನವಿಡೀ ನಿಜವಾಗಿ ಮಾಡುವುದೇನು? ಕೋಡಿಂಗ್ ಏನಾದರೂ ಇರುತ್ತದಾ, ಇಲ್ಲ ಬರೀ ಪ್ರಿಂಟರ್ ಸರಿ ಮಾಡುವುದಾ? ಸಂಜೆ ಐದೂವರೆಗೆ ಬೀಗ ಹಾಕಿ ಹೊರಡುತ್ತಾರೆ ಅನ್ನುವುದು ನಿಜವಾ? ನಾಲ್ಕು ವರ್ಷ ಆದ ಮೇಲೆ ವಾಪಸ್ ಬೆಂಗಳೂರಿಗೆ ಹೋಗಬೇಕು ಅನ್ನಿಸಿದರೆ ಯಾರಾದರೂ ಕೆಲಸ ಕೊಡುತ್ತಾರಾ?


ಗಿರಿ ತಪ್ಪಲು:

ಚಿಕ್ಕಮಗಳೂರು ಜಿಲ್ಲೆಯವನು ನಾನು. ನಿಮ್ಮದು ಪಂಚಾಯಿತಿ ಕಡೆ, ನಮ್ಮದು ಪಟ್ಟಣದ ಕಡೆ. ಆಸ್ತಿ ದಾಖಲೆಯ ಇ-ಆಸ್ತಿ, ಆಸ್ತಿ ತೆರಿಗೆ, ನೀರಿನ ಬಿಲ್ಲು, ಜನನ ಮರಣದ ಇ-ಜನ್ಮ, ಇವೇ ನಮ್ಮ ಸಂಸಾರ. ನಾನೂ ಹೊರಗುತ್ತಿಗೆಯೇ. ಅದಕ್ಕೆ ಮೊದಲು ಕಾಗದದ ಮಾತು.

ಹೊರಗುತ್ತಿಗೆ ಅಂದರೆ ನಿಮಗೆ ಕೆಲಸ ಹೇಳುವವರು ಒಬ್ಬರು, ಸಂಬಳ ಕೊಡುವವರು ಇನ್ನೊಬ್ಬರು. ಕಚೇರಿಯಲ್ಲಿ ಎಷ್ಟು ಒಳ್ಳೆಯ ಸಾಹೇಬರಿದ್ದರೂ ಸಂಬಳ ಬರುವುದು ಏಜೆನ್ಸಿಯಿಂದ. ಟೆಂಡರ್ ಬದಲಾಗುವ ಹೊತ್ತಿನಲ್ಲಿ ಹಳೇ ಏಜೆನ್ಸಿ ಹೋಗಿ ಹೊಸದು ಬರುತ್ತದೆ. ಆ ಸಂದಿಯಲ್ಲಿ ಸಂಬಳ ನಿಲ್ಲುತ್ತದೆ. ಮೂರು ತಿಂಗಳಿನ ಖರ್ಚಿಗೆ ಆಗುವಷ್ಟು ದುಡ್ಡು ಕೈಯಲ್ಲಿ ಇಟ್ಟುಕೊಂಡೇ ಬನ್ನಿ. ಪಿಎಫ್ ಹಿಡಿದಿದ್ದೇವೆ ಎಂದು ಬಾಯಲ್ಲಿ ಹೇಳಿದರೆ ನಂಬಬೇಡಿ. ನಿಮ್ಮ ಪಿಎಫ್ ಖಾತೆಯ ಯುಎಎನ್ ನಂಬರ್ ಹಾಕಿ ಪಾಸ್‌ಬುಕ್ ತೆರೆದು ನೋಡಿ. ತಿಂಗಳು ತಿಂಗಳು ನೋಡಿ. ಇಎಸ್‌ಐ ಕಾರ್ಡು ಕೇಳಿ ಪಡೆಯಿರಿ. ನಮ್ಮಲ್ಲಿ ಒಬ್ಬರು ಆಸ್ಪತ್ರೆಗೆ ಸೇರಿದ ದಿನ ಗೊತ್ತಾಯಿತು, ಕಾರ್ಡೇ ಮಾಡಿಸಿರಲಿಲ್ಲ ಎಂದು.

ಐದೂವರೆ ವಿಷಯ. ವರ್ಷದಲ್ಲಿ ಕೆಲವು ತಿಂಗಳು ನಿಜ. ಏಪ್ರಿಲ್‌ನಲ್ಲಿ ಅಲ್ಲ. ಏಪ್ರಿಲ್ 30ರ ಒಳಗೆ ಆಸ್ತಿ ತೆರಿಗೆ ಕಟ್ಟಿದರೆ ಶೇ. 5 ರಿಯಾಯಿತಿ ಇದೆ. ಹನ್ನೊಂದು ತಿಂಗಳು ನೆನಪಾಗದ ತೆರಿಗೆ ಆ ಕೊನೇ ವಾರ ಊರಿಗೆಲ್ಲ ಒಟ್ಟಿಗೇ ನೆನಪಾಗುತ್ತದೆ. ಚುನಾವಣೆ ಬಂದರೆ ಮಾತೇ ಇಲ್ಲ, ಹೆಂಡತಿಗೆ ಫೋಟೊ ಕಳಿಸಿ ಬದುಕಿದ್ದೇನೆ ಎಂದು ಹೇಳಬೇಕು. ಉಳಿದ ದಿನ ಆರಕ್ಕೆ ಮೈದಾನದಲ್ಲಿರುತ್ತೇನೆ, ಟೆನಿಸ್ ಬಾಲ್ ಕ್ರಿಕೆಟ್. ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಆದರೆ ಆ ದಿನ ಮುಳ್ಳಯ್ಯನಗಿರಿ ಕಡೆ ತಲೆ ಹಾಕಿಯೂ ಮಲಗುವುದಿಲ್ಲ, ನಿಮ್ಮ ಬೆಂಗಳೂರಿನ ಕಾರುಗಳೇ ರಸ್ತೆ ತುಂಬಾ.

ಪಂಚಾಯಿತಿ ಕಡೆಯ ಕೆಲಸ ನನಗಿಂತ ಹೆತ್ತೂರು ಮಳೆ ಅಕ್ಕ ಚೆನ್ನಾಗಿ ಹೇಳುತ್ತಾರೆ. ಅಕ್ಕಾ, ನೋಡಿದರೆ ಉತ್ತರ ಕೊಡಿ.


ಹೆತ್ತೂರು ಮಳೆ:

ನೋಡಿದೆ. ಕರೆಂಟ್ ಇರಲಿಲ್ಲ, ಅದಕ್ಕೆ ತಡ.

ಕೋಡಿಂಗ್ ಇಲ್ಲ ತಮ್ಮಾ. ಮೊದಲೇ ಹೇಳಿಬಿಡುತ್ತೇನೆ. ಸಾಫ್ಟ್‌ವೇರ್ ಬರೆಯುವವರು ಬೆಂಗಳೂರಿನಲ್ಲಿ ಕೂತಿರುತ್ತಾರೆ. ಅದು ನಿಂತಾಗ ಜನರ ಎದುರಿಗೆ ನಿಲ್ಲುವವರು ನಾವು. ಪಂಚಾಯಿತಿಯ ತೆರಿಗೆ, ಲೆಕ್ಕಪತ್ರಕ್ಕೆ ಪಂಚತಂತ್ರ. ಮನೆ, ಸೈಟಿನ ದಾಖಲೆಗೆ ಇ-ಸ್ವತ್ತು. ಕಾಮಗಾರಿ ಬಿಲ್ಲಿಗೆ ಗಾಂಧಿ ಸಾಕ್ಷಿ ಕಾಯಕ. ನರೇಗಾ ಹಾಜರಿಗೆ ಇನ್ನೊಂದು ಆ್ಯಪ್, ಅದರಲ್ಲಿ ಕೆಲಸದ ಜಾಗದಲ್ಲೇ ದಿನಕ್ಕೆ ಎರಡು ಸಲ ಫೋಟೊ ಹೊಡೆಯಬೇಕು. ಒಂದೊಂದಕ್ಕೂ ಒಂದೊಂದು ಲಾಗಿನ್, ಒಂದೊಂದು ಸಹಾಯವಾಣಿ. ಪಂಚಾಯಿತಿಯವರ ಬಾಯಲ್ಲಿ ಮಾತ್ರ ಇವೆಲ್ಲಕ್ಕೂ ಒಂದೇ ಹೆಸರು, "ಸಿಸ್ಟಂ". ಯಾವುದು ಕೈಕೊಟ್ಟರೂ ಕಂಪ್ಯೂಟರ್ ಮೇಡಂ ಬರಬೇಕು. ಫ್ಯಾನ್ ತಿರುಗದಿದ್ದರೂ ಒಮ್ಮೊಮ್ಮೆ ಕರೆಯುತ್ತಾರೆ.

ಜಾಸ್ತಿ ಸಮಯ ತಿನ್ನುವುದು ಯಾವುದು ಗೊತ್ತಾ? ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ವರ್ಗಾವಣೆ. ಇ-ಸ್ವತ್ತಿನ ನಮೂನೆ 9, ನಮೂನೆ 11 ಎರಡಕ್ಕೂ ಪಿಡಿಒ ಅವರ ಡಿಜಿಟಲ್ ಸಹಿ ಬೇಕು. ಅದು ಪೆನ್‌ಡ್ರೈವ್ ಥರದ ಒಂದು ಕೀ. ಹಳೇ ಪಿಡಿಒ ಹೋದರೆ ಅವರ ಕೀಯನ್ನು ಆ ಪಂಚಾಯಿತಿಯಿಂದ ಬಿಡಿಸಬೇಕು. ಹೊಸಬರದನ್ನು ಜೋಡಿಸಬೇಕು. ಅದಕ್ಕೆ ಮೇಲಿನವರ ಅನುಮೋದನೆ ಬೇಕು. ಹೊಸಬರ ಕೀ ಅವಧಿ ಮುಗಿದಿದ್ದರೆ ಮೊದಲು ಅದನ್ನು ಮಾಡಿಸಬೇಕು. ಇಷ್ಟೆಲ್ಲ ಆಗುವ ತನಕ ಆ ಪಂಚಾಯಿತಿಯಲ್ಲಿ ಒಂದು ಸೈಟಿನ ಕಾಗದವೂ ಹೊರಗೆ ಬರುವುದಿಲ್ಲ. ಕಾಗದ ಇಲ್ಲದೆ ನೋಂದಣಿ ಇಲ್ಲ. ಹೊರಗೆ ಬೆಂಚಿನ ಮೇಲೆ ಒಬ್ಬರು ಕೂತಿರುತ್ತಾರೆ. ಮಗಳ ಮದುವೆಗೆ ಸೈಟು ಮಾರಲು ಒಪ್ಪಂದ ಮಾಡಿಕೊಂಡಿರುತ್ತಾರೆ, ಛತ್ರಕ್ಕೆ ಮುಂಗಡ ಕೊಟ್ಟಿರುತ್ತಾರೆ. ಅವರಿಗೆ ನೀವು "ಡಿಎಸ್‌ಸಿ ಮ್ಯಾಪಿಂಗ್ ಪೆಂಡಿಂಗ್" ಅಂದರೆ ಏನು ಅರ್ಥವಾಗಬೇಕು? ನಾನು ಈಗ ಹೀಗೆ ಹೇಳುತ್ತೇನೆ: "ಸಾಹೇಬರು ಹೊಸಬರು, ಅವರ ಸಹಿ ಬೆಂಗಳೂರಿನಲ್ಲಿ ಇನ್ನೂ ಒಪ್ಪಿಗೆ ಆಗಿಲ್ಲ. ಆದ ದಿನ ನಿಮಗೆ ಫೋನ್ ಮಾಡಿಸುತ್ತೇನೆ." ಮತ್ತೆ ನಿಜವಾಗಿಯೂ ಮಾಡಿಸುತ್ತೇನೆ. ವರ್ಗಾವಣೆ ಪಟ್ಟಿ ಬಂದ ದಿನವೇ ಈ ಕೆಲಸ ಶುರು ಮಾಡಿ, ಹೊಸಬರು ಬಂದು ಹಾರ ಹಾಕಿಸಿಕೊಳ್ಳುವ ತನಕ ಕಾಯಬೇಡಿ.

ಆಮೇಲೆ ನುಡಿ. ನಿಮ್ಮ ವಯಸ್ಸಿನವರಿಗೆ ಈ ಗೋಳು ಗೊತ್ತಿರುವುದಿಲ್ಲ. ಹಳೇ ನಡಾವಳಿ, ಠರಾವು ಎಲ್ಲ ನುಡಿ ಫಾಂಟಿನಲ್ಲಿ ಟೈಪ್ ಮಾಡಿದವು, ಯೂನಿಕೋಡ್ ಅಲ್ಲ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಪರದೆ ತುಂಬಾ ಇಂಗ್ಲಿಷ್ ಅಕ್ಷರ, ಚಿಹ್ನೆ. ಪರಿವರ್ತಕ ಇದೆ, ಹಾಕಿದರೆ ಕನ್ನಡ ಬರುತ್ತದೆ. ಆದರೆ ಒತ್ತಕ್ಷರ, ಅರ್ಕಾವತ್ತು ಕೆಲವು ಕಡೆ ಕೆಡುತ್ತದೆ. ಸರ್ವೆ ನಂಬರ್ ಪಕ್ಕದಲ್ಲಿ ಹೆಸರು ಕೆಟ್ಟರೆ ನಾಳೆ ಅಣ್ಣತಮ್ಮಂದಿರು ಜಗಳಕ್ಕೆ ನಿಲ್ಲುತ್ತಾರೆ. ಹಾಗಾಗಿ ಪರಿವರ್ತನೆ ಆದ ಮೇಲೆ ಯಾರಾದರೂ ಒಬ್ಬರು ಕೂತು ಮೊದಲಿನಿಂದ ಓದಲೇಬೇಕು. ಟೆಸ್ಟಿಂಗ್ ಮಾಡಿದವರು ನೀವು, ಈ ತಾಳ್ಮೆ ನಿಮಗಿರುತ್ತದೆ. ನಿಮ್ಮ ಓದು ಇಲ್ಲಿ ಉಪಯೋಗಕ್ಕೆ ಬರುವುದು ಇಂಥ ಕಡೆ.

2023ರ ಮಳೆಗಾಲ ನೆನಪಾಗುತ್ತದೆ. ಗೃಹಲಕ್ಷ್ಮಿ ನೋಂದಣಿ ಶುರುವಾಗಿತ್ತು, ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ. ಬಾಪೂಜಿ ಸೇವಾ ಕೇಂದ್ರಗಳ ಮುಂದೆ ಹೆಂಗಸರು ಕೊಡೆ ಹಿಡಿದು ಸಾಲು ನಿಂತಿದ್ದರು. ಹಣ ಬರಲು ಶುರುವಾದ ಮೇಲೆ ಬೇರೆ ಸಾಲು, "ನಂಗೆ ಬಂದಿಲ್ಲ". ನೋಡಿದರೆ ಎಷ್ಟೋ ಜನರಿಗೆ ಬಂದಿತ್ತು. ಈ ಹಣ ಹೋಗುವುದು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ. ಒಬ್ಬ ಅಜ್ಜಿ ಮೂರು ಸಲ ಬಂದರು. ಆಧಾರ್ ವೆಬ್‌ಸೈಟಿನಲ್ಲಿ ಯಾವ ಬ್ಯಾಂಕು ಜೋಡಣೆಯಾಗಿದೆ ಎಂದು ನೋಡಬಹುದು, ನೋಡಿದೆ. ಸಂಘದ ಸಾಲಕ್ಕೆಂದು ಯಾವಾಗಲೋ ತೆರೆಸಿದ ಖಾತೆ. ಅದೊಂದು ಇದೆ ಅನ್ನುವುದೇ ಅವರಿಗೆ ಮರೆತುಹೋಗಿತ್ತು. ದುಡ್ಡೆಲ್ಲ ಅಲ್ಲಿ ತಣ್ಣಗೆ ಕೂತಿತ್ತು. ಅಜ್ಜಿ ನನ್ನ ಗಲ್ಲ ಹಿಡಿದು ಲಟಿಕೆ ಮುರಿದರು. ಕಂಪನಿಯ ಕೆಲಸದಲ್ಲಿ ನಿಮಗೆ ಯಾರಾದರೂ ದೃಷ್ಟಿ ತೆಗೆದಿದ್ದಾರಾ?

ಹೆಬ್ಬೆಟ್ಟಿನ ಕಷ್ಟವನ್ನೂ ಹೇಳಬೇಕು. ನಮ್ಮ ಕಡೆ ಕಾಫಿ, ಮೆಣಸು ಕುಯ್ದು ಕುಯ್ದು ಬೆರಳಿನ ಗೆರೆ ಸವೆದಿರುತ್ತದೆ. ಅಡಿಕೆ ಸುಲಿಯುವವರ ಕೈ ಕಪ್ಪಗೆ ಚೊಗರು ಹಿಡಿದಿರುತ್ತದೆ. ಯಂತ್ರ ಒಪ್ಪುವುದಿಲ್ಲ. ಆ ಹೆಂಗಸು ನಾನೇ ನಾನಲ್ಲವೇನೋ ಅನ್ನುವ ಹಾಗೆ ಮುಖ ಸಣ್ಣದು ಮಾಡಿಕೊಳ್ಳುತ್ತಾಳೆ. ಬಟ್ಟೆಯಲ್ಲಿ ಒರೆಸಿಸಿ, ಬೇರೆ ಬೆರಳು ಇಡಿಸಿ, ಆಗದಿದ್ದರೆ ಕಣ್ಣಿನ ಯಂತ್ರ ಇರುವ ಕಡೆ ಕಳಿಸಿ. ಸುಮ್ನೆ "ಆಗಲ್ಲ ಹೋಗಿ" ಅನ್ನುವ ಆಪರೇಟರ್ ಯಾರಾದರೂ ನಿಮ್ಮ ಕೈಕೆಳಗೆ ಇದ್ದರೆ ಮೊದಲು ಅವರನ್ನು ಕೂರಿಸಿ ಮಾತಾಡಿ.

ಮಳೆ. ಅರಸೀಕೆರೆಯವರಿಗೆ ಇದು ಹೊಸದು. ಏಪ್ರಿಲ್, ಮೇ ಗುಡುಗಿಗೆ ರೂಟರ್ ಸುಡುತ್ತದೆ. ಎಲ್ಲರೂ ಕರೆಂಟ್ ಪ್ಲಗ್ ಮಾತ್ರ ಕೀಳುತ್ತಾರೆ. ಲ್ಯಾನ್ ಕೇಬಲ್ ಹಾಗೇ ಬಿಟ್ಟಿರುತ್ತಾರೆ, ಸಿಡಿಲು ಅದರಲ್ಲೇ ಬರುತ್ತದೆ. ಎರಡೂ ಕೀಳಿಸಿ. ಜುಲೈನಲ್ಲಿ ಮರ ಬಿದ್ದು ಫೈಬರ್ ತುಂಡಾಗುತ್ತದೆ, ಕರೆಂಟ್ ಹೋದರೆ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಪ್ರಿಂಟರ್ ಕಾಗದ ತೇವಕ್ಕೆ ಹಪ್ಪಳದ ಹಾಗೆ ಸುರುಳಿಯಾಗಿ ಸಿಕ್ಕಿಹಾಕಿಕೊಳ್ಳುತ್ತದೆ. ಕಾಗದ ಇಡುವ ಬೀರುವಿನಲ್ಲಿ ಒಂದು ಹಳೇ ಕಾಲದ ಬಲ್ಬು ಉರಿಸಿಡಿ, ಎಲ್‌ಇಡಿ ಅಲ್ಲ, ಬಿಸಿಯಾಗುವಂಥದ್ದು. ಯಾವ ಸುತ್ತೋಲೆಯಲ್ಲೂ ಇದು ಬರೆದಿಲ್ಲ. ಅತ್ತ ಹಾಸನದಲ್ಲಿ ಇಸ್ರೋದವರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹದ ಜೊತೆ ಮಾತಾಡುತ್ತಿರುತ್ತಾರೆ. ಇತ್ತ ಅದೇ ಜಿಲ್ಲೆಯಲ್ಲಿ ನಾನು ಪಕ್ಕದ ಹೋಬಳಿಯ ರೂಟರಿಗೆ ಜೀವ ಇದೆಯಾ ಎಂದು ಪಿಂಗ್ ಹಾಕಿಕೊಂಡು ಕೂತಿರುತ್ತೇನೆ.

ಆಲೂರು, ಸಕಲೇಶಪುರ ಅಂದಿರಲ್ಲ, ಆನೆ ಇದೆ. ತಮಾಷೆಗೆ ಹೇಳುತ್ತಿಲ್ಲ. ದೂರದ ಪಂಚಾಯಿತಿಗೆ ಮಧ್ಯಾಹ್ನದ ಮೇಲೆ ಹೋಗಬೇಡಿ. ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯವರು ಸಂದೇಶ ಕಳಿಸುತ್ತಾರೆ, ಆ ಗುಂಪಿಗೆ ಸೇರಿಕೊಳ್ಳಿ. ಬೈಕಿನಲ್ಲಿ ಕತ್ತಲಾದ ಮೇಲೆ ತೋಟದ ರಸ್ತೆ ಬೇಡವೇ ಬೇಡ. "ಇವತ್ತೇ ಸರಿ ಮಾಡಿ" ಎಂದು ಯಾರು ಒತ್ತಾಯ ಮಾಡಿದರೂ ನಾಳೆ ಬೆಳಿಗ್ಗೆ ಅನ್ನಿ.

ಇನ್ನು ನಿಮ್ಮ ಐದೂವರೆ. ಬೀಗ ಹಾಕುವುದು ನಿಜ, ಹೆಚ್ಚುಕಮ್ಮಿ ಆರರ ಒಳಗೆ. ಫೋನಿಗೆ ಬೀಗ ಇಲ್ಲ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ರಾತ್ರಿ ಒಂಬತ್ತಕ್ಕೆ ಬರುತ್ತದೆ, "ಅತಿ ತುರ್ತು, ನಾಳೆ 10ಕ್ಕೆ ಕೆಡಿಪಿ ಸಭೆ, ಲಗತ್ತಿಸಿದ ನಮೂನೆಯಲ್ಲಿ ಮಾಹಿತಿ". ಕೆಡಿಪಿ ಅಂದರೆ ಇಲಾಖೆಗಳ ಪ್ರಗತಿ ನೋಡುವ ಸಭೆ. ಅದೇ ಮಾಹಿತಿ ಹೋದ ತಿಂಗಳೂ ಕೊಟ್ಟಿರುತ್ತೀರಿ, ಕಾಲಮ್ ಮಾತ್ರ ಹಿಂದೆ ಮುಂದೆ. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಆ್ಯಪ್‌ಗಳ ಹೊರೆ ತಾಳಲಾರದೆ ಮುಷ್ಕರಕ್ಕೇ ಕೂತರು, ನೆನಪಿದೆಯಲ್ಲ. ನಾನು ಎರಡು ಸಿಮ್ ಇಟ್ಟುಕೊಂಡಿದ್ದೇನೆ. ಕಚೇರಿ ಸಿಮ್ ರಾತ್ರಿ ಎಂಟರ ಮೇಲೆ ಆಫ್. ಚುನಾವಣೆ ಮತ್ತು ನೆರೆ ಬಂದಾಗ ಮಾತ್ರ ಆನ್. ಮೊದಲು ಗೊಣಗಿದರು, ಈಗ ಏಳೂವರೆಗೇ ಕೇಳುತ್ತಾರೆ. ನಿಮ್ಮ ತಾಲೀಮು ಎಂಟಕ್ಕಲ್ಲವಾ, ಈ ನಿಯಮ ಕೆಲಸಕ್ಕೆ ಸೇರಿದ ಮೊದಲ ವಾರವೇ ಮಾಡಿಕೊಳ್ಳಿ. ಆರು ತಿಂಗಳು ಎಲ್ಲದಕ್ಕೂ ಹೂಂ ಅಂದು ಆಮೇಲೆ ಆಫ್ ಮಾಡಿದರೆ ಸೊಕ್ಕು ಅನ್ನುತ್ತಾರೆ.

ಆದರೆ ಫೋನ್ ಸಣ್ಣ ವಿಷಯ. ಬೆಂಗಳೂರಿನಲ್ಲಿ ನೀವು ಆಫೀಸಿನಿಂದ ಹೊರಗೆ ಬಂದರೆ ಯಾರೋ ಒಬ್ಬರು. ಇಲ್ಲಿ ಸಂತೆಗೆ ಹೋದರೂ ನೀವು ಕಂಪ್ಯೂಟರಿನವರು. ಮದುವೆಯಲ್ಲಿ ಸಾಂಬಾರ್ ಬಡಿಸುವವರು ಸೌಟು ಎಲೆ ಮೇಲೆ ಹಿಡಿದೇ ಕೇಳುತ್ತಾರೆ, "ಮೇಡಂ, ನಮ್ ಮನೆ ಇ-ಸ್ವತ್ತು ಏನಾಯ್ತು?" ಉತ್ತರ ಹೇಳುವ ತನಕ ಸಾಂಬಾರ್ ಬೀಳುವುದಿಲ್ಲ. ಕೆಲಸದ ಹೊರಗಿನ ಬದುಕು ಎಂದು ನೀವು ಕೇಳುತ್ತಿರುವುದು ಇಲ್ಲಿ ಬೇರೆಯಾಗಿ ಇಲ್ಲವೇ ಇಲ್ಲ. ಅದನ್ನು ಒಪ್ಪಿಕೊಂಡು ಬಂದರೆ ಸಂತೋಷವಾಗಿರುತ್ತೀರಿ.

ನಾನು ಮಾತು ಎಲ್ಲಿ ಬೇಕಾದರೂ ಆಡುತ್ತೇನೆ, ಕಾಗದ ಮಾತ್ರ ದಾರಿಯಲ್ಲಿ ತೆಗೆದುಕೊಳ್ಳುವುದಿಲ್ಲ. ಜೆರಾಕ್ಸ್ ಮಡಚಿ ಕೈಗೆ ತುರುಕಲು ಬರುತ್ತಾರೆ. "ಕೌಂಟರಿಗೆ ಹೋಗಿ ಅರ್ಜಿ ಕೊಡಿ, ಸಕಾಲ ನಂಬರ್ ತಗೊಳ್ಳಿ" ಅನ್ನುತ್ತೇನೆ. ಸಕಾಲ ಅಂದರೆ ಸರ್ಕಾರಿ ಸೇವೆಗೆ ಗಡುವು ಹಾಕಿದ ಕಾಯ್ದೆ. ಆ 15 ಅಂಕಿಯ ನಂಬರ್ ಬಿದ್ದ ಗಳಿಗೆಯಿಂದ ದಿನ ಎಣಿಕೆ ಶುರು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರ ತನಕ ಪರಿಹಾರ ಕೇಳುವ ಹಕ್ಕಿದೆ. ದುಡ್ಡು ಸಣ್ಣದು, ಆದರೆ ಅರ್ಜಿ ಯಾರ ಮೇಜಿನ ಮೇಲೆ ಎಷ್ಟು ದಿನ ಮಲಗಿತ್ತು ಎಂದು ತೋರಿಸುತ್ತದೆ. ನನ್ನ ಬ್ಯಾಗಿನಲ್ಲಿ ಬಿದ್ದ ಜೆರಾಕ್ಸಿಗೆ ಯಾವ ದಿನದ ಲೆಕ್ಕವೂ ಇಲ್ಲ. ನಾಳೆ ನಾನು ರಜೆ ಹಾಕಿದರೆ ಅದರ ಕಥೆ ಅಲ್ಲಿಗೆ ಮುಗಿಯಿತು.

ನನಗಂತ ಇಟ್ಟುಕೊಂಡಿರುವುದು ಒಂದೇ. ನಮ್ಮದು ಸಣ್ಣ ಕಾಫಿ ತೋಟ. ಅಪ್ಪ ನಾನು ಹುಟ್ಟುವ ಮುಂಚಿನಿಂದ ಮಳೆ ಬರೆದಿಡುತ್ತಿದ್ದರು, ಇಂಚು ಸೆಂಟಿನ ಲೆಕ್ಕದಲ್ಲಿ, ಸೆಂಟು ಅಂದರೆ ಇಂಚಿನ ನೂರರಲ್ಲೊಂದು ಪಾಲು. ಈಗ ಬೆಳಿಗ್ಗೆ ಎಂಟಕ್ಕೆ ಅಳತೆ ತೆಗೆದು ಬರೆಯುವುದು ನನ್ನ ಪಾಲು. ಕಾಫಿ ಹೂ ಅರಳಿಸುವ ಹೂಮಳೆ ಯಾವ ವರ್ಷ ಎಷ್ಟು ಬಿತ್ತು, ಅದರ ಹಿಂದೆ ಮತ್ತೊಂದು ಮಳೆ ಬಂತಾ, ಎಲ್ಲ ಆ ನೋಟ್‌ಬುಕ್ಕುಗಳಲ್ಲಿದೆ. ಅಕ್ಕನ ಮಗ ಎಕ್ಸೆಲ್‌ಗೆ ಹಾಕಿಕೊಡುತ್ತೇನೆ ಚಿಕ್ಕಮ್ಮಾ, ಗ್ರಾಫ್ ಬರುತ್ತದೆ ಅಂದ. ಬೇಡ ಅಂದೆ. ಗ್ರಾಫ್ ನಾನು ದಿನಾ ನೋಡುತ್ತೇನೆ.


ಹಳೇ ಗ್ರಾಮಲೆಕ್ಕಿಗ:

ಹೆತ್ತೂರು ಮೇಡಂ ಚೆನ್ನಾಗಿ ಬರೆದಿದ್ದೀರಿ. ಒಂದು ಮಾತಿಗೆ ನನ್ನ ತಕರಾರಿದೆ.

ನಾನು ಬೇಲೂರು ಕಡೆ ಕೆಲಸ ಮಾಡಿ ನಿವೃತ್ತನಾದವನು. ಭೂಮಿ ಯೋಜನೆ ಬರುವ ಮುಂಚೆ ಪಹಣಿ ಅಂದರೆ ನಮ್ಮ ಕೈಬರಹ. ರಾಜ್ಯದಲ್ಲಿ ಸುಮಾರು 9,000 ಗ್ರಾಮಲೆಕ್ಕಿಗರು, ಅವರ ಗಂಟಿನಲ್ಲಿ ಇಡೀ ರಾಜ್ಯದ ಜಮೀನು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತುಂಬಿದರು. ಕೈಬರಹದ ಪಹಣಿ ನಡೆಯುವುದಿಲ್ಲ ಅಂದರು. ತಾಲ್ಲೂಕು ಕಚೇರಿ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ. ಖಾತೆ ಬದಲಾವಣೆಗೆ ಮೊದಲು ಬಂದ ಅರ್ಜಿ ಮೊದಲು, ನಡುವೆ ಯಾರನ್ನೂ ತೂರಿಸಲು ಆಗುತ್ತಿರಲಿಲ್ಲ. ನಮ್ಮವರು ಕೆಲವರು ಮುಖ ಊದಿಸಿಕೊಂಡಿದ್ದು ಯಾಕೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನನಗೆ ಸಮಾಧಾನವೇ ಆಯಿತು. ಹಳೇ ಪುಸ್ತಕದಲ್ಲಿ ಒಂದರ ಮೇಲೊಂದು ಶಾಯಿ ತಿದ್ದಿದ ಪುಟಗಳಿಗೆ ಕೋರ್ಟಿನಲ್ಲಿ ಸಾಕ್ಷಿ ಹೇಳುವ ಕಷ್ಟ ತಪ್ಪಿತು.

ನನ್ನ ತಕರಾರು ಏನೆಂದರೆ, ದಾರಿಯಲ್ಲಿ ಕಾಗದ ತೆಗೆದುಕೊಳ್ಳುವುದಿಲ್ಲ ಅಂದಿರಲ್ಲ, ಅದು. ನಮ್ಮ ಕಾಲದಲ್ಲಿ ಮನೆ ಜಗುಲಿಯೇ ಕಚೇರಿ. ನಡೆಯಲಾಗದ ಮುದುಕರು, ಕೂಲಿ ಬಿಟ್ಟು ಬರಲಾಗದವರು, ಅವರ ಕಾಗದ ನಾವು ಒಯ್ಯದಿದ್ದರೆ ಯಾರು ಒಯ್ಯಬೇಕು? ಒಂದು ದಿನ ಹೋಬಳಿಗೆ ಬಂದರೆ ಆ ದಿನದ ಕೂಲಿ ಹೋಯಿತು. ಅಲ್ಲಿ "ಸರ್ವರ್ ಇಲ್ಲ" ಅಂದರೆ ಮರುದಿನದ್ದೂ ಹೋಯಿತು. ನಿಯಮ ಸರಿ, ಎಲ್ಲರಿಗೂ ಒಂದೇ ನಿಯಮ ಸರಿಯಲ್ಲ.


ಹೆತ್ತೂರು ಮಳೆ:

ಸರ್, ನಡೆಯಲಾಗದವರ ಮಾತು ಒಪ್ಪುತ್ತೇನೆ. ಅಂಥವರ ಅರ್ಜಿಯನ್ನು ಅವರ ಊರಿನ ಗ್ರಾಮ ಒನ್‌ನಲ್ಲೋ ಪಂಚಾಯಿತಿಯಲ್ಲೋ ಹಾಕಿಸುತ್ತೇನೆ, ಬೇಕಾದರೆ ಆಪರೇಟರ್ ಹುಡುಗನನ್ನು ಮನೆಗೇ ಕಳಿಸುತ್ತೇನೆ. ಆದರೆ ನಂಬರ್ ಹಾಕಿಸಿಯೇ. ನಿಮ್ಮ ಜಗುಲಿಯಲ್ಲಿ ನೀವಿದ್ದಿರಿ, ಚೆನ್ನಾಗಿತ್ತು. ಪಕ್ಕದ ಊರಿನ ಜಗುಲಿಯಲ್ಲಿ ಎಂಥವರಿದ್ದರು ಎಂದು ನೀವೇ ಮೇಲೆ ಹೇಳಿದ್ದೀರಿ.

ಕೂಲಿ ಹೋಗುವ ಮಾತು ಮಾತ್ರ ಚುಚ್ಚಿತು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಸರ್ವರ್ ನಿಂತ ದಿನ ಬೆಳಿಗ್ಗೆ ಒಂಬತ್ತೂವರೆಗೇ ಪಂಚಾಯಿತಿಗಳಿಗೆ ತಿಳಿಸಿ, ಹಳ್ಳಿಯ ಗುಂಪುಗಳಲ್ಲಿ "ಇವತ್ತು ಬರಬೇಡಿ" ಎಂದು ಹಾಕಿಸುತ್ತೇನೆ. ಸ್ಮಾರ್ಟ್‌ಫೋನ್ ಇಲ್ಲದವರು ಆದರೂ ಬರುತ್ತಾರೆ.


ಅರಸೀಕೆರೆ ತೆಂಗು:

ಇಷ್ಟೊಂದು ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಅಕ್ಕಾ, ಸರ್, ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಆನೆ ವಿಷಯ ಅಮ್ಮನಿಗೆ ಓದಿ ಹೇಳಿದ್ದು ಮಾತ್ರ ಬುದ್ಧಿವಂತಿಕೆ ಆಗಲಿಲ್ಲ.

ಎರಡು ಪ್ರಶ್ನೆ ಉಳಿದಿವೆ. ಸಕಲೇಶಪುರದಲ್ಲಿದ್ದುಕೊಂಡು ದಿನಾ ನಮ್ಮೂರಿಗೆ ಓಡಾಡಲು ಆಗುತ್ತದಾ? ಮತ್ತೆ ಆ ವಾಪಸ್ ಹೋಗುವ ಪ್ರಶ್ನೆ. ಕಂಪನಿಯವರು ಈ ಅನುಭವವನ್ನು ಅನುಭವ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರಾ?


ಹೆತ್ತೂರು ಮಳೆ:

ದಿನಾ ಆಗುವುದಿಲ್ಲ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ಅರಸೀಕೆರೆ ಮತ್ತೆ ಹೆಚ್ಚುಕಮ್ಮಿ ಅಷ್ಟೇ. ಮಳೆಗಾಲದಲ್ಲಿ ಬಸ್ಸಿನಲ್ಲೇ ಸಂಜೆ ಕಳೆದುಹೋಗುತ್ತದೆ. ತಾಲೀಮಿಗೆಂದೇ ಬರುವುದಾದರೆ ಅರಸೀಕೆರೆ, ಹಾಸನ ಅಥವಾ ಚನ್ನರಾಯಪಟ್ಟಣ ಖಾಲಿ ಇದೆಯಾ ಕೇಳಿ. ಇಲ್ಲ ಅಂದರೆ ಆರು ತಿಂಗಳು ಕಾಯಿರಿ, ಹೊರಗುತ್ತಿಗೆಯಲ್ಲಿ ಜನ ಬಿಡುತ್ತಲೇ ಇರುತ್ತಾರೆ. ಹಾಸನ ಸಿಕ್ಕರೆ ಒಂದು ವಿಷಯ ಗೊತ್ತಿರಲಿ. ಹಾಸನಾಂಬೆ ಬಾಗಿಲು ತೆಗೆಯುವ ದಿನಗಳಲ್ಲಿ ಎಲ್ಲ ಇಲಾಖೆಯವರಿಗೂ ಡ್ಯೂಟಿ ಬೀಳುತ್ತದೆ. 300 ರೂಪಾಯಿ, 1,000 ರೂಪಾಯಿ ಟಿಕೆಟ್ ಸಾಲು, ಸ್ಕ್ಯಾನರ್, ಬ್ಯಾರಿಕೇಡ್, ಮೈಕು, ಎಲ್ಲಿ ಹಾಕುತ್ತಾರೋ ಅಲ್ಲಿ ನಿಲ್ಲಬೇಕು. ವರ್ಷಕ್ಕೊಮ್ಮೆ ತೆಗೆಯುವ ಬಾಗಿಲು, ಆಶ್ವಯುಜದ ಹುಣ್ಣಿಮೆ ಕಳೆದ ಗುರುವಾರದಿಂದ ದೀಪಾವಳಿ ಮುಗಿಯುವ ತನಕ. ಆ ದಿನಗಳಲ್ಲಿ ರಜೆ ಕೇಳಲು ಬಾಯೇ ಬರುವುದಿಲ್ಲ.

ಕಂಪನಿ ವಿಷಯ ನನಗಿಂತ ಗಿರಿ ತಪ್ಪಲು ಅವರಿಗೆ ಗೊತ್ತು.


ಗಿರಿ ತಪ್ಪಲು:

ನೇರವಾಗಿ ಹೇಳುತ್ತೇನೆ, ಕಷ್ಟ. ನಮ್ಮ ಜೊತೆ ಇದ್ದ ಒಬ್ಬ ಹುಡುಗ ವಾಪಸ್ ಹೋದ, ಆದರೆ ಅವನು ಸುಮ್ನೆ ಕೂತಿರಲಿಲ್ಲ. ರಾತ್ರಿ ಎಸ್‌ಕ್ಯೂಎಲ್, ಪೈಥಾನ್ ಅಭ್ಯಾಸ ಬಿಟ್ಟಿರಲಿಲ್ಲ. ಕಚೇರಿಯಲ್ಲಿ ಕೈಯಲ್ಲಿ ತಾಳೆ ನೋಡುತ್ತಿದ್ದ ತೆರಿಗೆ ಪಟ್ಟಿಗಳಿಗೆ ಒಂದು ಸಣ್ಣ ಪ್ರೋಗ್ರಾಮ್ ಬರೆದಿದ್ದ. ಸಂದರ್ಶನದಲ್ಲಿ ಅದರ ಬಗ್ಗೆಯೇ ಮುಕ್ಕಾಲು ಗಂಟೆ ಕೇಳಿದರಂತೆ. ಜನರ ಮಾಹಿತಿ ಮಾತ್ರ ನಿಮ್ಮ ಸ್ವಂತ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಬೇಡಿ. ಆಧಾರ್ ನಂಬರ್ ಇರುವ ಪಟ್ಟಿ ಹೊರಗೆ ಹೋದರೆ ಉತ್ತರ ಕೊಡಬೇಕಾದವರು ನೀವೇ.

ಈ ಹೊರಗುತ್ತಿಗೆ ಕೆಲಸದ ಸಂದರ್ಶನಕ್ಕೆ ಹೋದಾಗ ಸಂಬಳ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ನೀವು ಪಂಚಾಯಿತಿಗಳಿಗೆ ಸುತ್ತಲು ಪೆಟ್ರೋಲ್ ಯಾರು ಕೊಡುತ್ತಾರೆ ಎಂದೂ ಕೇಳಿ. ಆದೇಶದಲ್ಲಿ ಬರೆದುಕೊಡಿ ಅನ್ನಿ. ಮಲೆನಾಡಿನ ರಸ್ತೆಯಲ್ಲಿ ಬೈಕ್ ಓಡಿಸಿದರೆ ಪೆಟ್ರೋಲಿಗಿಂತ ಟೈರು, ಬ್ರೇಕ್ ಶೂ ಖರ್ಚೇ ಜಾಸ್ತಿ. ಅದನ್ನು ಯಾರೂ ಕೊಡುವುದಿಲ್ಲ, ನಿಮ್ಮ ಸಂಬಳದಲ್ಲೇ ಕಳೆದು ಲೆಕ್ಕ ಹಾಕಿ. ಆಮೇಲೂ ಬರಬೇಕು ಅನ್ನಿಸಿದರೆ ಬನ್ನಿ.